ದಾಖಲೆ ಕೇಳಿದ ಅಜ್ಜಿ

ತೊಂಗ್‌ಯೊಂಗ್,
ನವೆಂಬರ್ 18

ಪ್ಯೋ ಟೀಚರಿಗೆ,

ಇಸುಲ್‌ಳ ಅಜ್ಜಿ ಓಕ್‌ಬುನ್‌ಳ ನಮಸ್ಕಾರಗಳು. ಮುಖ ನೆನಪಿಗೆ ಬಾರದಿದ್ದರೆ ಹೀಗೆ ನೆನಪು ಮಾಡಿಕೊಳ್ಳಿ: ಮೇ ತಿಂಗಳ ಕ್ರೀಡಾದಿನದಂದು ಅಜ್ಜಿಯರ ಓಟಕ್ಕೆ ನಿಂತು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿ, ಗೆರೆ ಮುಟ್ಟುವ ಮೊದಲೇ ಮಕಾಡೆ ಬಿದ್ದವಳು ನಾನು. ನೀವೇ ಬಂದು ಮಂಡಿಗೆ ಮುಲಾಮು ಹಚ್ಚಿದಿರಿ. "ಅಜ್ಜಿ, ಬಹುಮಾನ ಬೇಕಿದ್ರೆ ಕೇಳಿದ್ರೆ ನಾನೇ ಕೊಡ್ತಿದ್ನಲ್ಲ, ಇಷ್ಟು ಜೋರಾಗಿ ಯಾಕೆ ಓಡಿದ್ರಿ?" ಎಂದು ನಗಿಸಿದಿರಿ. ಇಸುಲ್ ನನ್ನ ತೋಳು ಹಿಡಿದುಕೊಂಡು ನಿಂತಿದ್ದಳು. ಅವಳು ಮಾತ್ರ ನಗಲಿಲ್ಲ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಅಕ್ಟೋಬರಿನಲ್ಲಿ ನಾನು ಸಿಂಪಿ ಬಿಡಿಸುವ ಶೆಡ್ಡಿಗೆ ಹೋಗಿದ್ದಾಗ ಸೊಸೆ ಮಿರಾನ್ ಮಗುವನ್ನು ಕರೆದುಕೊಂಡು ಮನೆ ಬಿಟ್ಟಳು. ನಾನು ಬಂದಾಗ ಕುಕ್ಕರಿನಲ್ಲಿ ಅನ್ನ ಇನ್ನೂ ಬಿಸಿ ಇತ್ತು. ನನ್ನ ಪಾಲಿನ ಸಾರನ್ನು ಬೇರೆ ಮುಚ್ಚಿಟ್ಟಿದ್ದಳು. ಅವಳನ್ನು ಬಯ್ಯಲು ನನಗೆ ಬಾಯಿಲ್ಲ. ನನ್ನ ಮಗ ಗಿಸೊಕ್ ಹೆಂಡತಿಯ ಮೇಲೆ ಕೈ ಮಾಡುತ್ತಾನೆ ಎನ್ನುವುದು ಬಂದರಿನ ನಾಯಿಗೂ ಗೊತ್ತು. ಹೊರಗೆ ಎಲ್ಲರಿಗೂ ಬಗ್ಗಿ ನಮಸ್ಕಾರ ಮಾಡುತ್ತಾನೆ, ಮುದುಕರ ಚೀಲ ಹೊರುತ್ತಾನೆ, ಒಳಗೆ ಬಂದು ಬಾಗಿಲು ಹಾಕಿದರೆ ಬೇರೆಯೇ ಮನುಷ್ಯ. "ಸ್ವಲ್ಪ ತಾಳ್ಕೊಮ್ಮ, ವಯಸ್ಸಾದ ಹಾಗೆ ಸರಿ ಹೋಗ್ತಾನೆ" ಎಂದು ಸೊಸೆಗೆ ಹೇಳುತ್ತಾ ಬಂದವಳು ನಾನು.

ಈಗ ವಿಷಯಕ್ಕೆ ಬರುತ್ತೇನೆ. ಮೊದಲೆಲ್ಲ ಇಸುಲ್‌ಳದ್ದು ಅರಳು ಹುರಿದಂಥ ಮಾತು. "ಅಜ್ಜಿ, ಸಿಂಪಿಗೆ ಕಣ್ಣಿಲ್ವಾ? ಹಂಗಾದ್ರೆ ಅದು ಅಳೋದು ಹೆಂಗೆ?" ಎಂದು ಪ್ರಾಣ ತಿನ್ನುತ್ತಿದ್ದಳು. ಈ ವರ್ಷ ಆ ಬಾಯಿ ಕಟ್ಟಿಹೋಯಿತು. ಜೂನಿನಲ್ಲಿ ನೀವೇ ಫೋನು ಮಾಡಿ, "ಅಜ್ಜಿ, ಮಗು ಕ್ಲಾಸಿನಲ್ಲಿ ಬಾಯೇ ಬಿಡ್ತಿಲ್ಲ, ಮನೇಲಿ ಏನಾದ್ರೂ ಆಗಿದೆಯಾ?" ಎಂದು ಕೇಳಿದಿರಿ. "ಏನಿಲ್ಲಮ್ಮ, ಹಲ್ಲು ಬಿದ್ದಿದೆ, ನಾಚ್ಕೋತಾಳೆ" ಎಂದೆ ನಾನು.

ಅವರು ಎಲ್ಲಿದ್ದಾರೆಂದು ಕೇಳುವುದಿಲ್ಲ. ವರ್ಷದ ಕೊನೆಗೆ ಪ್ರತಿ ಮಗುವಿನ ಬಗ್ಗೆ ಟೀಚರು ಶಾಲೆಯ ದಾಖಲೆಯಲ್ಲಿ ನಾಲ್ಕು ಸಾಲು ಬರೆಯುತ್ತಾರಲ್ಲ, ಅದನ್ನು ನಾನು ನೋಡಬಹುದೇ? ಒಂದನೇ ತರಗತಿಯದ್ದು ನಮ್ಮ ಫ್ರಿಜ್ಜಿನ ಮೇಲೆ ಇನ್ನೂ ಇದೆ. "ಪ್ರಶ್ನೆ ಕೇಳುವುದರಲ್ಲಿ ಇವಳನ್ನು ಮೀರಿಸುವವರಿಲ್ಲ" ಎಂದು ಆಗಿನ ಟೀಚರು ಬರೆದಿದ್ದರು. ಮಗು ಈಗ ಮಾತಾಡುತ್ತಾಳೋ ಇಲ್ಲವೋ, ಅಷ್ಟು ತಿಳಿದರೆ ಸಾಕು ನನಗೆ.

ಎಲೆಕೋಸಿಗೆ ಉಪ್ಪು ಖಾರ ಹಚ್ಚಿ ಕಿಮ್ಚಿ ಹಾಕುವ ಕಾಲ, ನಿಮಗೂ ಒಂದು ಡಬ್ಬಿ ಕಳಿಸೋಣವೆಂದರೆ ಟೀಚರುಗಳು ಯಾರ ಮನೆಯ ಒಂದು ಎಲೆಯನ್ನೂ ಮುಟ್ಟಬಾರದೆಂದು ಕಾನೂನಂತೆ. ಕಾನೂನು ಮಾಡಿದವರಿಗೆ ಯಾರೂ ಕಿಮ್ಚಿ ಕೊಟ್ಟಿರಲಿಕ್ಕಿಲ್ಲ.

ಇಂತು,
ಇಸುಲ್‌ಳ ಅಜ್ಜಿ ಓಕ್‌ಬುನ್


ತೊಂಗ್‌ಯೊಂಗ್,
ನವೆಂಬರ್ 27

ಪ್ರೀತಿಯ ಅಜ್ಜಿಗೆ,

ನಿಮ್ಮ ಪತ್ರ ಓದಿದೆ. ಓಟದ ದಿನ ಮರೆಯುವುದುಂಟೇ? ಮಂಡಿ ಈಗ ಹೇಗಿದೆ?

ಇಸುಲ್ ಎಲ್ಲಿದ್ದಾಳೆಂದು ನಾನು ಯಾರಿಗೂ ಹೇಳುವಂತಿಲ್ಲ. ನೀವೂ ಕೇಳಲಿಲ್ಲ, ಅದಕ್ಕೆ ಋಣಿ. ಇನ್ನು ದಾಖಲೆಯ ವಿಷಯ. ಅದನ್ನು ನೋಡಲು ಹೆತ್ತವರಿಗೆ ಮಾತ್ರ ಹಕ್ಕಿದೆ. ಇಲ್ಲವೇ ತಂದೆಯೋ ತಾಯಿಯೋ ಬರೆದುಕೊಟ್ಟ ಒಪ್ಪಿಗೆ ಇರಬೇಕು. ಅಜ್ಜಿಯಾಗಿ ನೀವು ಕೇಳಿದರೆ ಯಾವ ಶಾಲೆಯೂ ಕೊಡುವುದಿಲ್ಲ. ನಿಯಮ ಹಾಗಿದೆ, ಕ್ಷಮಿಸಿ.

ಒಂದು ಮಾಡಬಹುದು. ಇಸುಲ್‌ಳ ಅಮ್ಮನಿಗೆ ನೀವು ಪತ್ರ ಬರೆದರೆ ನಾನು ತಲುಪಿಸುತ್ತೇನೆ. ಉತ್ತರ ಬರುತ್ತದೆಂದು ಮಾತು ಕೊಡಲಾರೆ. ಲಕೋಟೆಯ ಮೇಲೆ ಅವರ ಹೆಸರು ಬರೆಯಬೇಡಿ, ನನ್ನ ಹೆಸರು ಸಾಕು.

ನಿಮ್ಮ,
ಪ್ಯೋ


ತೊಂಗ್‌ಯೊಂಗ್,
ಡಿಸೆಂಬರ್ 22

ಇಸುಲ್ ಅಮ್ಮನಿಗೆ,

ಇವತ್ತು ವರ್ಷದ ಅತಿ ಚಿಕ್ಕ ಹಗಲು. ಕೆಂಪು ಅಲಸಂದೆಯ ಗಂಜಿ ಮಾಡಿದೆ. ಅಭ್ಯಾಸಬಲದಿಂದ ನಾಲ್ಕು ಬಟ್ಟಲು ತೆಗೆದಿಟ್ಟು, ಮತ್ತೆ ಎರಡನ್ನು ಒಳಗಿಟ್ಟೆ. ಈ ಸಲ ಕಿಮ್ಚಿಗೆ ಉಪ್ಪು ನೋಡಲು ನೀನಿರಲಿಲ್ಲ. ನಾನು ಹಾಕಿದ್ದು ಸಮುದ್ರದ ನೀರಿನಂತಾಗಿದೆ. ಶೆಡ್ಡಿನ ಹೆಂಗಸರಿಗೆ ಹಂಚಿದೆ. "ಸೊಸೆ ಇದ್ದಾಗ ನಿನ್ನ ಕೈರುಚಿ ಅಂತ ನಾವು ಹೊಗಳ್ತಿದ್ದದ್ದು ಯಾರದ್ದು ಅಂತ ಈಗ ಗೊತ್ತಾಯ್ತು ಬಿಡು" ಎಂದು ನನ್ನ ಮರ್ಯಾದೆ ತೆಗೆದರು.

ನೀನು ಹೋದದ್ದು ತಪ್ಪೆಂದು ನಾನು ಯಾರ ಮುಂದೆಯೂ ಹೇಳಿಲ್ಲ. ಸರಿಯೆಂದೂ ಹೇಳಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಗಿಸೊಕ್ ದೋಣಿ ಕಟ್ಟೆಯ ಕೆಲಸಕ್ಕೆ ಹೋಗಿ ಬರುತ್ತಾನೆ. ನಿನ್ನ ಹೆಸರು ಎತ್ತಿದರೆ ತಟ್ಟೆ ದೂಡುತ್ತಾನೆ, ಇಸುಲ್ ಹೆಸರು ಎತ್ತಿದರೆ ಎದ್ದು ಹೋಗುತ್ತಾನೆ.

ಊರು ಬರೆಯಬೇಡ, ಬೀದಿ ಬರೆಯಬೇಡ. ಮಗು ಮಾತಾಡ್ತಾಳಾ ಇಲ್ವಾ, ಒಂದೇ ಸಾಲು ಬರಿ ತಾಯಿ.

ನಿನ್ನ ಅತ್ತೆ


ಮಾರ್ಚ್ 9

ಅತ್ತೆ,

ಊರು ಬರೆದಿಲ್ಲ. ಇನ್ನು ಎಂದೂ ಬರೆಯುವುದಿಲ್ಲ.

ಹೊಸ ತರಗತಿ ಶುರುವಾಗಿ ನಾಲ್ಕನೇ ದಿನ, ಮಧ್ಯಾಹ್ನದ ಊಟದ ಹೊತ್ತು, ನಿಮ್ಮ ಮಗ ಇಸುಲ್‌ಳ ಹೊಸ ಶಾಲೆಯ ಗೇಟಿನಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ. ಕಾವಲಿನವರಿಗೆ ಬಗ್ಗಿ ನಮಸ್ಕಾರ ಮಾಡಿ, "ಇಸುಲ್ ಅಪ್ಪ ನಾನು, ಹಲ್ಲಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕಿತ್ತು" ಎಂದರಂತೆ. ಕೈಯಲ್ಲಿ ನಿಮ್ಮ ನೀಲಿ ಬಟ್ಟೆಯಲ್ಲಿ ಕಟ್ಟಿದ ಊಟದ ಡಬ್ಬಿ ಇತ್ತು.

ಇಸುಲ್ ತಟ್ಟೆ ಹಿಡಿದು ಊಟದ ಸಾಲಿನಲ್ಲಿದ್ದಳು. ಕಿಟಕಿಯಿಂದ ಅವಳಿಗೆ ಮೊದಲು ಕಂಡದ್ದು ಆ ನೀಲಿ ಗಂಟು. ಅಜ್ಜಿ ಬಂದಿದ್ದಾಳೆಂದುಕೊಂಡಳು. ಸಾಲು ಬಿಟ್ಟು ಕಿಟಕಿಯ ಹತ್ತಿರ ಓಡಿದಳು. ಆಮೇಲೆ ಗಂಟು ಹಿಡಿದವರ ಮುಖ ನೋಡಿದಳು. ತಟ್ಟೆಯನ್ನು ನೆಲದ ಮೇಲಿಟ್ಟು, ಅಡುಗೆಮನೆಯೊಳಗೆ ನಡೆದುಹೋಗಿ, ಅಕ್ಕಿ ಮೂಟೆಗಳ ಹಿಂದೆ ಕೂತುಬಿಟ್ಟಳು. ಅಡುಗೆಯವರು ನನಗೆ ಫೋನು ಮಾಡಿದರು. ನಾನು ಹೋಗುವಷ್ಟರಲ್ಲಿ ಅವಳ ಬಟ್ಟೆ ಒದ್ದೆಯಾಗಿತ್ತು. ಗೇಟಿನ ಹತ್ತಿರ ಪೊಲೀಸರ ಜೊತೆ ಅವರು ಕೂಗಾಡುವುದು ಕೇಳುತ್ತಿತ್ತು. ನಾವು ಹಿಂಬಾಗಿಲಲ್ಲಿ, ತರಕಾರಿ ತಂದಿದ್ದ ವ್ಯಾನಿನಲ್ಲಿ, ಈರುಳ್ಳಿ ಚೀಲದ ಮಧ್ಯೆ ಕೂತು ಹೊರಟೆವು.

ಇಸುಲ್‌ಗೆ ಅಲ್ಲಿ ಒಬ್ಬಳು ಗೆಳತಿ ಸಿಕ್ಕಿದ್ದಳು. ಅವಳ ಜೊತೆ ಮಾತಾಡಲು ಶುರು ಮಾಡಿದ್ದಳು ಅತ್ತೆ. ನೀವು ಕೇಳಿದ ಒಂದು ಸಾಲು ಅದೇ. ಜನವರಿಯಲ್ಲಿ ನಿಮಗೆ ಬರೆಯಬೇಕೆಂದು ಎರಡು ಸಲ ಕೂತು, ಧೈರ್ಯವಾಗದೆ ಬಿಟ್ಟೆ. ಬರೆದಿದ್ದರೆ ನೀವು ಆ ದಾಖಲೆ ಕೇಳುತ್ತಿರಲಿಲ್ಲವೋ ಏನೋ.

ಹೌದು, ನನಗೆ ಗೊತ್ತಾಗಿದೆ. ಫೆಬ್ರವರಿಯಲ್ಲಿ ತಂದೆಯ ಹೆಸರಲ್ಲಿ ಅರ್ಜಿ ಬಂದಿತ್ತಂತೆ. ಸಹಿಯ ಜಾಗದಲ್ಲಿ ತಂದೆಯ ಮೊಹರು, ತಂದೆಯ ಪರವಾಗಿ ಬಂದವರು ಓಕ್‌ಬುನ್. ಶಾಲೆಯವರು ದಾಖಲೆ ಕೊಡಲಿಲ್ಲ, ನನಗೆ ಒಂದು ಮಾತು ತಿಳಿಸಲೂ ಇಲ್ಲ.

ಒಂದೇ ಪ್ರಶ್ನೆ. ಅವರಿಗೋಸ್ಕರ ಮಾಡಿದಿರಾ?

ಮಿರಾನ್


ತೊಂಗ್‌ಯೊಂಗ್,
ಮಾರ್ಚ್ 17

ಇಸುಲ್ ಅಮ್ಮ,

ಟೀಚರು ನಿನ್ನ ಪತ್ರ ತಂದು ಶೆಡ್ಡಿನಲ್ಲೇ ಕೊಟ್ಟರು. ಕೈಗವಸು ಬಿಚ್ಚದೆ ಓದಿದೆ, ಹಾಳೆಯೆಲ್ಲ ಉಪ್ಪುನೀರಾಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಕೇಳಿ ಉಗಿಯಬೇಕೆನ್ನಿಸಿದರೆ ಉಗಿ.

ನಮ್ಮ ಮನೆಯ ಮೊಹರುಗಳೆಲ್ಲ ಜಿನ್ಸೆಂಗ್ ಮಿಠಾಯಿಯ ಹಳೇ ಡಬ್ಬಿಯಲ್ಲಿರುವುದು ನಿನಗೂ ಗೊತ್ತು. ಸತ್ತ ನಿನ್ನ ಮಾವನದ್ದು, ನನ್ನದು, ಗಿಸೊಕ್‌ನದ್ದು, ನೀನು ಬಿಟ್ಟುಹೋದ ನಿನ್ನದು ಕೂಡ. ಸಹಕಾರ ಸಂಘದವರು ಬರಲಿ, ಟಪಾಲಿನವನು ಬರಲಿ, ಯಾರ ಹೆಸರಿಗೆ ಬಂದರೂ ಡಬ್ಬಿ ತೆಗೆದು ಒತ್ತುವವಳು ನಾನೇ. ಯಾವನಾದರೂ ಕೇಳಿದ್ದಾನಾ, "ಇದು ನಿಂದಾ ಅಜ್ಜಿ?" ಅಂತ? ಟೀಚರು "ತಂದೆಯ ಒಪ್ಪಿಗೆ ಬೇಕು" ಎಂದು ಬರೆದಾಗ ನನಗೆ ಆ ಡಬ್ಬಿ ನೆನಪಾಯಿತು. ಅಷ್ಟೇ ತಾನೇ, ಮನೆಯಲ್ಲೇ ಇದೆಯಲ್ಲ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಫೆಬ್ರವರಿಯಲ್ಲಿ, ಚಾಂದ್ರಮಾನ ಹೊಸವರ್ಷದ ಹಬ್ಬ ಕಳೆದ ಮೇಲೆ ಹೋಬಳಿ ಕಚೇರಿಗೆ ಹೋದೆ. ಮಗು ಯಾವ ಊರಿನ ಶಾಲೆಯಲ್ಲಿದ್ದರೂ ದಾಖಲೆಗೆ ಅಲ್ಲಿಂದಲೇ ಅರ್ಜಿ ಹಾಕಬಹುದಂತೆ. ಒಪ್ಪಿಗೆ ಪತ್ರ ನಾನೇ ಬರೆದೆ, ಅವನ ಮೊಹರು ಒತ್ತಿದೆ, ಅವನ ಗುರುತಿನ ಚೀಟಿಯ ನಕಲು ಇಟ್ಟೆ. ಕೌಂಟರಿನ ಹೆಂಗಸು ಒಳ್ಳೆಯವಳು.

"ಮಗನ ಫೋನ್ ನಂಬರು ಗೊತ್ತಾ ಅಜ್ಜಿ? ಅರ್ಜಿ ಅವರ ಹೆಸರಲ್ಲಿದೆ, ನಂಬರು ಹಾಕ್ಬೇಕು."

ಒಂದು ಅಂಕಿ ತಪ್ಪದ ಹಾಗೆ ಹೇಳಿದೆ.

"ಅಬ್ಬಬ್ಬ, ಬಾಯಿಪಾಠ ಇದೆಯಲ್ಲ! ನನಗೆ ನನ್ನ ಗಂಡನ ನಂಬರೇ ಬರಲ್ಲ."

ನಾನು ಹಿಗ್ಗಿಹೋದೆ. ಶಾಲೆಯಿಂದ ದಾಖಲೆ ಬರಬೇಕು, ನಾಳೆ ಬನ್ನಿ ಎಂದಳು. ದಾರಿಯುದ್ದಕ್ಕೂ ನಾಳೆ ಅದನ್ನು ಫ್ರಿಜ್ಜಿನ ಮೇಲೆ ಎಲ್ಲಿ ಅಂಟಿಸಲಿ ಎಂದು ಯೋಚಿಸುತ್ತಾ ಬಂದೆ.

ಸಂಜೆ ಗಿಸೊಕ್ ಕೆಲಸದಿಂದ ಬೇಗ ಬಂದ. ಕೈಯಲ್ಲಿ ಫೋನು. "ಅಮ್ಮಾ, ಇದು ನೀನ್ ಮಾಡಿದ್ದಾ?" ಎಂದ. ನೀವು ಕೇಳಿರುವ ದಾಖಲೆಯ ಅರ್ಜಿಯನ್ನು ಇಂಥ ಪ್ರಾಥಮಿಕ ಶಾಲೆಗೆ ಕಳಿಸಲಾಗಿದೆ ಎಂದು ಅದರಲ್ಲಿ ಬಂದಿತ್ತು. ಶಾಲೆಯ ಹೆಸರು, ಊರು, ಎಲ್ಲ. ಅರ್ಜಿ ಯಾರ ಹೆಸರಲ್ಲಿದೆಯೋ ಅವರಿಗೇ ಸಂದೇಶ ಹೋಗುತ್ತದಂತೆ. ಅವನು ನನ್ನನ್ನು ಬಾಚಿ ತಬ್ಬಿಕೊಂಡ. ಅಪ್ಪ ಸತ್ತ ದಿನವೂ ಹಾಗೆ ತಬ್ಬಿರಲಿಲ್ಲ. ನಾನು ಏನು ಮಾಡಿದೆ ಗೊತ್ತಾ? ಅವನ ಬೆನ್ನು ತಟ್ಟಿದೆ.

ಮಾರನೇ ದಿನ ಕಚೇರಿಯಲ್ಲಿ "ಕೊಡೋಕಾಗಲ್ಲ ಅಂತ ಶಾಲೆಯವರು ಹೇಳಿದ್ರು ಅಜ್ಜಿ" ಎಂದರು. ಯಾವುದನ್ನು ನೋಡಬೇಕೆಂದು ಇಷ್ಟೆಲ್ಲ ಮಾಡಿದೆನೋ ಅದರ ಒಂದು ಅಕ್ಷರವೂ ನನ್ನ ಕಣ್ಣಿಗೆ ಬೀಳಲಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ನೀನು ಅನ್ನಬಹುದು, ಪಾಪ ಮುದುಕಿಗೆ ಗೊತ್ತಾಗಲಿಲ್ಲ ಅಂತ. ಹಾಗನ್ನಬೇಡ. ಮುಂದಿನದ್ದು ಕೇಳು. ಆಗ ಶಾಲೆಗೆ ರಜೆ. ಮಾರ್ಚಿಗೆ ತೆರೆಯುತ್ತದೆಂದು ಅವನು ಕಾದ. ಅಷ್ಟು ದಿನ ನನಗೆ ಗೊತ್ತಿತ್ತು. ಟೀಚರ ನಂಬರು ಗೋಡೆಯ ಮೇಲೇ ಇತ್ತು. ಫೋನು ಮಾಡಿದರೆ ನೀನು ಇನ್ನೊಂದು ಊರಿಗೆ ಹೋಗುತ್ತೀಯ, ಮಗು ಇನ್ನೂ ದೂರವಾಗುತ್ತಾಳೆ ಎನ್ನಿಸಿತು. "ದೂರದಿಂದ ಮುಖ ನೋಡ್ಕೊಂಡ್ ಬರ್ತೀನಿ ಅಮ್ಮಾ, ಹತ್ರಾನೂ ಹೋಗಲ್ಲ, ನಿನ್ನಾಣೆ" ಎಂದ. ನಂಬಿದೆ. ನಂಬುವುದು ನನಗೆ ಬೇಕಾಗಿತ್ತು. ಅವನ ಅಂಗಿಗೆ ಇಸ್ತ್ರಿ ಹಾಕಿದವಳು ನಾನು. ಬೆಳಿಗ್ಗೆ ಎದ್ದು ಇಸುಲ್‌ಗೆ ಇಷ್ಟವೆಂದು ಕಡಲಪಾಚಿಯ ಹಾಳೆಯಲ್ಲಿ ಅನ್ನವಿಟ್ಟು ಕಿಂಬಾಪ್ ಸುತ್ತಿ, ಡಬ್ಬಿಗೆ ತುಂಬಿ, ನೀಲಿ ಬಟ್ಟೆಯಲ್ಲಿ ಕಟ್ಟಿದವಳು ನಾನು. ದೂರದಿಂದ ನೋಡಿ ಬರುವವನಿಗೆ ಊಟದ ಡಬ್ಬಿ ಯಾಕೆ ಬೇಕು ಎಂದು ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ದಾಖಲೆ ಕೇಳಿದ್ದು ನನಗೋಸ್ಕರ. ಡಬ್ಬಿ ಕಟ್ಟಿದ್ದು ಅವನಿಗೋಸ್ಕರ. ಕಚೇರಿಯಲ್ಲಿ ನನ್ನ ಫೋನು ನಂಬರು ಕೊಡಬಹುದಿತ್ತು, ಕೊಡಲಿಲ್ಲ. ಅವನಿಗೂ ಗೊತ್ತಾಗಲಿ ಎಂಬ ಆಸೆ ಎಲ್ಲೋ ಒಳಗಿತ್ತಾ ಎಂದು ದಿನಾ ಕೇಳಿಕೊಳ್ಳುತ್ತೇನೆ. ಇರಲಿಲ್ಲ ಎಂದು ಆಣೆ ಮಾಡಲು ಬಾಯಿ ಬರುತ್ತಿಲ್ಲ.

ಮಗು ಅಜ್ಜಿ ಬಂದಳೆಂದು ಕಿಟಕಿಗೆ ಓಡಿದಳೆಂದು ಬರೆದಿದ್ದೀಯಲ್ಲ, ಅದೊಂದನ್ನು ಬರೆಯದಿದ್ದರೆ ಆಗುತ್ತಿತ್ತು. ಇಲ್ಲ, ಬರೆದದ್ದೇ ಸರಿ.

ನಿನ್ನ ಅತ್ತೆ


ತೊಂಗ್‌ಯೊಂಗ್,
ಮಾರ್ಚ್ 26

ಅಜ್ಜಿಗೆ,

ನಿಮ್ಮ ಪತ್ರ ಕಳಿಸಿದ್ದೇನೆ. ಅಂಟಿಸದೆ ಕೊಟ್ಟು "ಓದಿ" ಎಂದಿರಲ್ಲ, ಓದಿದೆ.

ತಪ್ಪೆಲ್ಲ ನಿಮ್ಮ ತಲೆಯ ಮೇಲೆ ಹಾಕಿಕೊಳ್ಳಬೇಡಿ. "ತಂದೆಯ ಒಪ್ಪಿಗೆ ಇದ್ದರೆ" ಎಂದು ನಿಮಗೆ ಬರೆದವಳು ನಾನು. ಅಷ್ಟೇ ಅಲ್ಲ. ತಂದೆಯ ಕಡೆಯಿಂದ ಅರ್ಜಿ ಬಂದರೆ ಅದು ಎಲ್ಲಿಗೂ ಹೋಗದಂತೆ ತಡೆ ಹಾಕಿಸಬೇಕಿತ್ತು. ಆ ಕೋರಿಕೆ ನಾನು ಬರೆಯಬೇಕಾದದ್ದು. ಮಕ್ಕಳ ನಾಟಕ, ಅಂಕಪಟ್ಟಿ, ನಾಳೆ ಬರೆದರಾಯಿತು ಎಂದು ನನ್ನ ಮೇಜಿನ ಮೇಲೇ ಉಳಿಯಿತು. ಮುಖ್ಯೋಪಾಧ್ಯಾಯರ ಎದುರು ಒಪ್ಪಿಕೊಂಡೆ. ಇಸುಲ್‌ಳ ಅಮ್ಮನಿಗೂ ಬರೆದಿದ್ದೇನೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ತಡೆ ಹಾಕಿಸಿದ್ದಾಗಿದೆ. ಗಿಸೊಕ್ ಅವರು ಮಗುವಿನ ಹತ್ತಿರ ಹೋಗಕೂಡದೆಂದು ಕೋರ್ಟಿನ ಆದೇಶವೂ ಆಗಿದೆ. ಅವರು ನಿಮ್ಮ ಮನೆಯಲ್ಲೇ ಇದ್ದಾರೆಂದು ಕೇಳಿದೆ. ನೀವು ಹುಷಾರು.

ನಿಮ್ಮ,
ಪ್ಯೋ


ಮೇ 30

ಅತ್ತೆ,

ಉತ್ತರ ಬರೆಯುವುದಿಲ್ಲ ಎಂದು ಹಟ ಮಾಡಿದ್ದೆ. ನಿಮ್ಮ ಪತ್ರವನ್ನು ಹರಿಯಲೂ ಹೋಗಿದ್ದೆ. ನೀವು ಸುಳ್ಳು ಹೇಳಿದ್ದರೆ ಸುಲಭವಾಗುತ್ತಿತ್ತು. ನಿಮ್ಮ ಮಗ ಹೊಡೆದ ಮೇಲೆ ಒಂದು ಸಲವೂ "ನಾನು ಹೊಡೆದೆ" ಎಂದವರಲ್ಲ. ಬಾಗಿಲು ತಾಗಿತು, ನೀನೇ ಬಿದ್ದೆ, ಎಂದೇ ಹೇಳುತ್ತಿದ್ದರು. ಆ ಮನೆಯಿಂದ "ಮಾಡಿದವಳು ನಾನು" ಎಂಬ ಮಾತು ಬಂದದ್ದು ಇದೇ ಮೊದಲು.

ಕ್ಷಮಿಸಿದ್ದೇನೆಂದು ತಿಳಿಯಬೇಡಿ. ಅದು ಬೇರೆ ವಿಷಯ.

ಇಸುಲ್ ಚೆನ್ನಾಗಿದ್ದಾಳೆ. ಮೊದಲ ತಿಂಗಳು ಮತ್ತೆ ಬಾಯಿ ಕಟ್ಟಿತ್ತು. ಈಗ ಮೆಲ್ಲಗೆ ಬಿಚ್ಚುತ್ತಿದೆ. ನಮ್ಮ ಕಿಟಕಿಯಿಂದ ರೈಲು ಕಾಣುತ್ತದೆ. ಎಷ್ಟು ಡಬ್ಬಿ ಹೋದವೆಂದು ಎಣಿಸಿ ನನಗೆ ಲೆಕ್ಕ ಒಪ್ಪಿಸುತ್ತಾಳೆ. ಮೊನ್ನೆ ಇದ್ದಕ್ಕಿದ್ದಂತೆ, "ಅಮ್ಮಾ, ಅಜ್ಜಿ ಮಂಡಿ ವಾಸಿ ಆಯ್ತಾ?" ಎಂದಳು. ಆಗಿದೆ ಎಂದೆ. ಆಗಿದೆ ತಾನೇ?

ಜುಲೈ ಕೊನೆಗೆ ಈ ಅವಧಿಯ ದಾಖಲೆ ಕೊಡುತ್ತಾರೆ. ನನಗೆ ಕೊಡುವುದರ ನಕಲು ತೆಗೆಸಿ, ಶಾಲೆಯ ಹೆಸರಿನ ಮೇಲೆ ಕಪ್ಪು ಬಳಿದು, ಟೀಚರ ಮೂಲಕ ಕಳಿಸುತ್ತೇನೆ. ನೀವು ಕೇಳಿದ್ದು ಅಷ್ಟೇ ಅಲ್ಲವೇ? ನನ್ನನ್ನೇ ಕೇಳಿದ್ದರೆ ಆಗಲೇ ಕೊಡುತ್ತಿದ್ದೆ ಎನ್ನಲಾರೆ. ಈಗ ಕೊಡುತ್ತೇನೆ.

ಮಿರಾನ್


ತೊಂಗ್‌ಯೊಂಗ್,
ಜುಲೈ 31

ಅಜ್ಜಿಗೆ,

ಇದರ ಜೊತೆಗಿರುವ ಅಂಟಿಸಿದ ಲಕೋಟೆ ಇಸುಲ್‌ಳ ಅಮ್ಮ ಕಳಿಸಿದ್ದು. ನಾನು ಬಿಚ್ಚಿಲ್ಲ. ಊರು, ಶಾಲೆ, ಟೀಚರ ಹೆಸರು, ಎಲ್ಲದರ ಮೇಲೂ ಕಪ್ಪು ಬಳಿದಿದ್ದಾರಂತೆ. ಉಳಿದದ್ದು ನಿಮಗೆಂದೇ.

ಮನೆಗೆ ಬಂದರೆ ಗಿಸೊಕ್ ಅವರು ಇರಬಹುದೆಂದು ಶೆಡ್ಡಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಸಿಕ್ಕಿತೆಂದು ಒಂದು ಸಾಲು ಬರೆಯಿರಿ. ನಿಮಗೆ ಇದು ಸಿಗುತ್ತದೆಂದು ನನಗೇ ಎಷ್ಟು ಸಂತೋಷವಾಗಿದೆ ಗೊತ್ತೇ!

ನಿಮ್ಮ,
ಪ್ಯೋ


ತೊಂಗ್‌ಯೊಂಗ್,
ಆಗಸ್ಟ್ 14

ಪ್ಯೋ ಟೀಚರಿಗೆ,

ಲಕೋಟೆ ಸಿಕ್ಕಿತು. ಈಗ ಸಿಂಪಿಯ ಕಾಲವಲ್ಲ, ಶೆಡ್ಡು ಮುಚ್ಚಿದೆ. ಅಂಚೆಯವನು ಯಜಮಾನಿಯ ಕೈಗೆ ಕೊಟ್ಟು ಹೋಗಿದ್ದ. "ಯಾರೇ ಇದು, ಈ ವಯಸ್ಸಲ್ಲಿ ನಿಂಗೆ ಕಾಗದ ಬರೆಯೋನು?" ಎಂದು ತಮಾಷೆ ಮಾಡಿ ಕೊಟ್ಟಳು. ನಾನು ಅದನ್ನು ಅಲ್ಲೇ ನನ್ನ ರಬ್ಬರ್ ಬೂಟಿನೊಳಗೆ ಇಟ್ಟುಬಿಟ್ಟೆ. ಮನೆಗೆ ಒಯ್ಯಲಿಲ್ಲ, ಬಿಚ್ಚಲೂ ಇಲ್ಲ. ಈಗ ಬಂದ ಹಾಗೆಯೇ ನಿಮಗೆ ವಾಪಸು ಕಳಿಸುತ್ತಿದ್ದೇನೆ. ಅದನ್ನು ಮಿರಾನ್‌ಗೆ ತಲುಪಿಸಿ. ಯಾಕೆಂದು ಹೇಳುತ್ತೇನೆ. ಇದನ್ನು ಅವಳಿಗೂ ಪೂರ್ತಿ ತಿಳಿಸಬೇಕು, ಏನನ್ನೂ ಮುಚ್ಚಿಡಬೇಡಿ.

ಗಿಸೊಕ್ ಈಗ ನನ್ನ ಮನೆಯಲ್ಲೇ ಇದ್ದಾನೆ. ನಾನೇ ಅನ್ನ ಹಾಕುತ್ತೇನೆ, ನಾನೇ ಬಟ್ಟೆ ಒಗೆಯುತ್ತೇನೆ. ಬೇರೆಯವರು ಏನಾದರೂ ಅಂದುಕೊಳ್ಳಲಿ, ನಾನು ಹೆತ್ತದ್ದು. ಕೋರ್ಟಿನವರು ಕಳಿಸಿದ ಜಾಗಕ್ಕೆ ವಾರಕ್ಕೊಮ್ಮೆ ಹೋಗಿ, ಎಲ್ಲರ ಜೊತೆ ಕೂತು, ಕೋಪ ಹೇಗೆ ನುಂಗಬೇಕೆಂದು ಕಲಿತು ಬರುತ್ತಾನೆ. ಬಂದವನು ಸುಮ್ಮನೆ ಗೋಡೆಗೆ ಒರಗಿ ಕೂರುತ್ತಾನೆ.

ಜುಲೈ ಮೊದಲ ವಾರ, ಮಳೆ ಹಿಡಿದಿತ್ತು. ತಣ್ಣನೆಯ ಶ್ಯಾವಿಗೆ ಮಾಡಿ ಮುಂದಿಟ್ಟೆ. ಅವನು ಬಟ್ಟಲನ್ನೇ ನೋಡುತ್ತಾ ಕೂತ. ನೋಡನೋಡುತ್ತಲೇ ಕಣ್ಣೀರು ದಳದಳ ಸುರಿಯಿತು. ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.

"ಅಮ್ಮಾ, ಎಲ್ಲಿದಾರೆ ಅಂತ ಕೇಳಲ್ಲ. ಬದುಕಿದಾರಾ ಇಲ್ವಾ, ಅಷ್ಟು ಹೇಳು."

"ಬದುಕಿದಾರೆ ಕಣೋ. ಚೆನ್ನಾಗಿದಾರೆ. ಅಳ್ಬೇಡ, ತಿನ್ನು."

"ನಿಂಗೆ ಹೆಂಗೆ ಗೊತ್ತು? ಸುಮ್ನೆ ಸಮಾಧಾನಕ್ಕೆ ಹೇಳ್ತೀಯ."

"ಸಮಾಧಾನಕ್ಕಲ್ಲ. ಮಗು ಮಾತಾಡ್ತಾಳಂತೆ. ಕಿಟಕಿಯಿಂದ ರೈಲು ಕಾಣುತ್ತಂತೆ, ಡಬ್ಬಿ ಎಣಿಸ್ತಾಳಂತೆ."

ಅಳು ನಿಂತುಹೋಯಿತು ಟೀಚರ್. ನಲ್ಲಿ ತಿರುಗಿಸಿದ ಹಾಗೆ ನಿಂತುಹೋಯಿತು. ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದ.

"ಯಾವ ರೈಲು? ಸಾಮಾನಿಂದಾ, ಜನರದಾ? ಎಷ್ಟು ಡಬ್ಬಿ ಅಂದ್ಳಂತೆ?"

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ, ದೇವರು ಕಾಪಾಡಿದ. ಅವನು ಶ್ಯಾವಿಗೆಯನ್ನು ಪೂರ್ತಿ ತಿಂದ. ಇನ್ನೊಂದು ಬಟ್ಟಲು ಕೇಳಿ ತಿಂದ. ಮಾರನೇ ದಿನ ಅವನ ಹಾಸಿಗೆ ಮಡಿಸುವಾಗ ರೈಲು ಹಾದಿಗಳ ನಕ್ಷೆ ಸಿಕ್ಕಿತು. ನಾನು ಅದನ್ನು ಒಲೆಗೆ ಹಾಕಿದೆ. ಅವನು ಕೇಳಲೂ ಇಲ್ಲ. ಇನ್ನೊಂದು ತಂದುಕೊಳ್ಳುವುದು ಅವನಿಗೇನು ದೊಡ್ಡ ವಿಷಯ!

ಅವನು ಬೇಕೆಂದೇ ಅತ್ತನಾ, ನಿಜವಾಗಿ ಅತ್ತನಾ, ನನಗೆ ಗೊತ್ತಿಲ್ಲ. ಎರಡೂ ಇದ್ದಿರಬೇಕು. ಆದರೆ ನನ್ನ ವಿಷಯ ನನಗೆ ಈಗ ಚೆನ್ನಾಗಿ ಗೊತ್ತಾಗಿದೆ. ಅವನು ಬೈದರೆ, ಬಾಗಿಲು ಒದ್ದರೆ, ನನ್ನ ಬಾಯಿ ಬಿಡಿಸಲಾರ. ಆದರೆ ಅವನು ಅತ್ತರೆ ನಾನು ಹೇಳಿಬಿಡುತ್ತೇನೆ. ಒಂದು ಸಲ ಹೇಳಿದ್ದೇನೆ, ಇನ್ನೊಂದು ಸಲವೂ ಹೇಳುತ್ತೇನೆ. ನಾನು ಅಂಥ ತಾಯಿ. ಮಿರಾನ್ ಕಪ್ಪು ಬಳಿದಿದ್ದಾಳೆಂದು ಬರೆದಿದ್ದೀರಿ. ಅವನು ಬೆಳಕಿಗೆ ಹಿಡಿದು ಓದುತ್ತಾನೆ. ಅವನ ಕೈಗೆ ಸಿಗದ ಹಾಗೆ ಸುಟ್ಟರೂ, ಓದಿದ್ದು ನನ್ನ ತಲೆಯಲ್ಲಿ ಇರುತ್ತದಲ್ಲ. ಶಾಲೆಯ ಹಿಂದೆ ಗುಡ್ಡ ಇದೆ, ಮಕ್ಕಳು ಸೇಬು ಕೀಳಲು ಹೋದರು, ಅಂತ ಏನೋ ಒಂದು ಇದ್ದೇ ಇರುತ್ತದೆ. ನನಗೆ ಏನೂ ಗೊತ್ತಿಲ್ಲದಿರುವುದೇ ಆ ಮಗುವಿಗೆ ಕ್ಷೇಮ.

ಆದ್ದರಿಂದ ಮಿರಾನ್‌ಗೆ ಮೊದಲು ರೈಲಿನ ವಿಷಯ ಹೇಳಿ. ಮನೆ ಬದಲಾಯಿಸಬೇಕೆನ್ನಿಸಿದರೆ ಬದಲಾಯಿಸಲಿ. ಮತ್ತೆ ಮೂಟೆ ಕಟ್ಟುವಂತೆ ಮಾಡಿದ್ದಕ್ಕೆ ಅವಳು ನನಗೆ ಹಾಕುವ ಶಾಪ ಎಷ್ಟಿದ್ದರೂ ಹಾಕಲಿ. ನನ್ನ ಮಂಡಿ ವಾಸಿಯಾಗಿದೆಯೆಂದು ಮಗುವಿಗೆ ಹೇಳಲಿ. ಆಮೇಲೆ ನನಗೆ ಬರೆಯಬಾರದು. ನಾನು ಬರೆದರೂ ನೀವು ಕಳಿಸಬಾರದು. ನಾನು ನಿಮ್ಮ ಶಾಲೆಯ ಬಾಗಿಲಿಗೆ ಬಂದು, ನೆಲದ ಮೇಲೆ ಕೂತು, ಅತ್ತು ಕರೆದರೂ ಹೇಳಬಾರದು. ಹೇಳುವುದಿಲ್ಲವೆಂದು ಮಾತು ಕೊಡಿ. ಇಸುಲ್ ದೊಡ್ಡವಳಾಗಿ, ಅವಳಾಗಿಯೇ ಬಂದು ಬಾಗಿಲು ತಟ್ಟಿದರೆ ಅದು ಬೇರೆ. ಅಲ್ಲಿಯವರೆಗೆ ನಾನು ಇದ್ದರೆ ತೆರೆಯುತ್ತೇನೆ.

ಲಕೋಟೆ ವಾಪಸು ಕಳಿಸುವ ಮುಂಚೆ ಒಂದು ಕೆಲಸ ಮಾಡಿದೆ. ಬೂಟಿನಿಂದ ತೆಗೆದು ಎರಡು ಬೆರಳ ಮಧ್ಯೆ ಒತ್ತಿ ನೋಡಿದೆ. ಒಂದು ಹಾಳೆಯಲ್ಲ. ದಪ್ಪಗಿದೆ, ಮೂರೋ ನಾಲ್ಕೋ ಇರಬೇಕು. ಬಾಯಿ ಬಿಡದ ಮಗುವಿನ ಬಗ್ಗೆ ಯಾವ ಟೀಚರೂ ಅಷ್ಟು ಬರೆಯುವುದಿಲ್ಲ ಅಲ್ಲವೇ? ಹೌದೋ ಅಲ್ಲವೋ, ನೀವು ಉತ್ತರ ಬರೆಯಬೇಡಿ. ನಾನು ಹೌದು ಎಂದೇ ಇಟ್ಟುಕೊಳ್ಳುತ್ತೇನೆ.

ಇಂತು,
ಓಕ್‌ಬುನ್